ಕೆಂಪು ರಬ್ಬರಿನ ಮೇಲಿನ ಸವೆತ

ಗೋಂದು ಮಾವನ ಹತ್ತಿರ ಹೋಗಿ ಬ್ಯಾಟಿಗೆ ತನಗೆ ಬೇಕಾದ ರಬ್ಬರನ್ನೇ ಹಾಕಿಸಿಕೊಂಡು ಬಂದವರು ಒಬ್ಬರೂ ಇಲ್ಲ. ನೀವು ಕೇಳುವುದು ಒಂದು, ಅವನು ಕೊಡುವುದು ಇನ್ನೊಂದು. "ಅದು ನಿಂಗೆ ಬೇಡ" ಎನ್ನುತ್ತಿದ್ದ, ಅಷ್ಟೇ. ಯಾಕೆ ಬೇಡ ಎಂದು ಕೇಳಿದರೆ ಕನ್ನಡಕವನ್ನು ಹಣೆಗೇರಿಸಿ, ಕೇಳಿದವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಗೋಂದಿನ ಡಬ್ಬಿ ಕುಲುಕಲು ಶುರು ಮಾಡುತ್ತಿದ್ದ. ಇಂಥ ಮನುಷ್ಯನ ಅಂಗಡಿ ಮೂವತ್ತು ವರ್ಷ ಹೇಗೆ ನಡೆಯಿತೋ, ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಅಂಗಡಿ ಅಂದೆನಲ್ಲ, ಅದು ಅಂಗಡಿಯೂ ಅಲ್ಲ. ಲಾಂಡ್ರಿಯ ಮೇಲಿನ ಮಹಡಿಯಲ್ಲಿ ಒಂದು ಟೇಬಲ್ ಟೆನಿಸ್ ಹಾಲ್. ನಾಲ್ಕು ಟೇಬಲ್ಲು, ಎತ್ತರದ ಕಿಟಕಿಗಳು, ಕೆಳಗಿನ ಇಸ್ತ್ರಿಯ ಹಬೆಗೆ ಸದಾ ಬೆಚ್ಚಗಿರುವ ನೆಲ. ಮೂಲೆಯಲ್ಲಿ ಮಾವನ ಮೇಜು, ಕತ್ತರಿ, ಗೋಂದು, ರಬ್ಬರು ಒತ್ತುವ ಉರುಳುಕೋಲು, ಹಿಂದೆ ಒಂದು ಸ್ಟೀಲ್ ಕಪಾಟು. ಅವನು ನನ್ನ ಅಮ್ಮನ ಅಣ್ಣ. ಆಡಲು ಬರುವವರಿಗೆಲ್ಲ ಗೋಂದಣ್ಣ, ನನಗೆ ಗೋಂದು ಮಾವ. ಬ್ಯಾಟಿನ ಹಲಗೆಗೆ ರಬ್ಬರು ಆರಿಸಿ ಅಂಟಿಸುವುದು, ಸವೆದಾಗ ಕಿತ್ತು ಬೇರೆ ಹಾಕುವುದು. ಅವನ ಬದುಕೇ ಅದು.

ಆರಿಸುವ ರೀತಿ ಮಾತ್ರ ವಿಚಿತ್ರ. ನಿಮ್ಮ ಹಳೆಯ ಬ್ಯಾಟನ್ನು ಕಿಟಕಿಯ ಹತ್ತಿರ ಒಯ್ದು ಬೆಳಕಿಗೆ ಓರೆಯಾಗಿ ಹಿಡಿಯುತ್ತಿದ್ದ. ಚೆಂಡು ತಗುಲಿ ತಗುಲಿ ರಬ್ಬರಿನ ಹೊಳಪು ಒಂದು ಕಡೆ ಹೋಗಿರುತ್ತದೆ. ನೇರವಾಗಿ ನೋಡಿದರೆ ಏನೂ ಕಾಣದು, ಓರೆಯಾಗಿ ಹಿಡಿದರೆ ಮಂಕಾದ ಒಂದು ಕಲೆ ಏಳುತ್ತದೆ. ಅದನ್ನು ಅವನು ಸವೆತ ಎನ್ನುತ್ತಿದ್ದ. ಒಬ್ಬನ ಸವೆತ ಇನ್ನೊಬ್ಬನಿಗೆ ಇಲ್ಲ. "ಸಹಿ ಬೇಕಾದ್ರೆ ನಕಲು ಮಾಡ್ಬೋದು ಕಣಯ್ಯ, ಇದನ್ನ ಮಾಡೋಕಾಗಲ್ಲ" ಎನ್ನುತ್ತಿದ್ದ. ಒಮ್ಮೆ ಒಬ್ಬ ದಪ್ಪ ವಕೀಲನ ಬ್ಯಾಟು ನೋಡಿ, "ನಿಮಗೆ ಬ್ಯಾಕ್‌ಹ್ಯಾಂಡ್ ಕಂಡ್ರೆ ಭಯ. ಎದುರಿಗೆ ಬಂದಿದ್ದಕ್ಕೆಲ್ಲ ಪಕ್ಕಕ್ಕೆ ಸರೀತೀರ. ಕೋರ್ಟಲ್ಲೂ ಹೀಗೇನಾ?" ಎಂದುಬಿಟ್ಟ. ವಕೀಲ ಕೆಂಪಗಾದ. ಆದರೆ ಮಾವ ಕೊಟ್ಟ ರಬ್ಬರನ್ನೇ ತೆಗೆದುಕೊಂಡು ಹೋದ.

ಕಿತ್ತ ರಬ್ಬರನ್ನು ಅವನು ಎಸೆಯುತ್ತಿರಲಿಲ್ಲ. ಹಿಂದೆ ಹೆಸರು, ತಾರೀಕು ಬರೆದು, ನಡುವೆ ಹಳೆಯ ಪೇಪರ್ ಇಟ್ಟು, ಕಪಾಟಿನಲ್ಲಿ ಜೋಡಿಸುತ್ತಿದ್ದ. ಇನ್ನೊಂದು ಅಭ್ಯಾಸವಿತ್ತು. ಹೊಸ ರಬ್ಬರು ಅಂಟಿಸುವ ಮುಂಚೆ ಬರಿಯ ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಎರಡು ಸಾಲು ಬರೆಯುತ್ತಿದ್ದ: ಇವರಿಗೆ ಇದನ್ನೇ ಯಾಕೆ ಕೊಟ್ಟೆ ಅಂತ. ಬರೆದು ಅದರ ಮೇಲೇ ಅಂಟಿಸುತ್ತಿದ್ದ. ಮುಂದಿನ ಸಲ ಕಿತ್ತಾಗ ತಾನೊಬ್ಬನೇ ಓದಿ, ಒಮ್ಮೆ ನಕ್ಕು ಅಥವಾ ಒಮ್ಮೆ ಹುಬ್ಬು ಗಂಟಿಕ್ಕಿ, ನಮಗೆ ಕಾಣುವ ಮೊದಲೇ ಉಪ್ಪುಕಾಗದದಿಂದ ಉಜ್ಜಿ ಅಳಿಸುತ್ತಿದ್ದ. ಹುಡುಗಿಯಾಗಿದ್ದಾಗ ನಾನು ಎಷ್ಟು ಗೋಗರೆದರೂ ಒಂದೇ ಒಂದು ಸಲ ಓದಲು ಬಿಟ್ಟಿರಲಿಲ್ಲ.

ಈ ಮಾವ ಒಬ್ಬಳ ಎದುರು ಮಾತ್ರ ಸೋಲುತ್ತಿದ್ದ. ಅದು ಅವನ ಹೆಂಡತಿ, ನನ್ನ ಅತ್ತೆ. ಅವಳು ಕೆಳಗಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಊಟದ ಬಿಡುವಿನಲ್ಲಿ, ಹನ್ನೆರಡೂವರೆಯಿಂದ ಒಂದು ಗಂಟೆಯವರೆಗೆ, ಮೇಲೆ ಬಂದು ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಗಂಡನ ಜೊತೆ ಆಡುತ್ತಿದ್ದಳು. ಇಪ್ಪತ್ತೆಂಟು ವರ್ಷ. ಮಾವ ಚೆಂಡಿಗೆ ಎಂಥ ಸ್ಪಿನ್ ಹಾಕಿ ಕಳಿಸಿದರೂ ಅವಳು ಟೇಬಲ್ಲಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು ಅದನ್ನು ಮೆತ್ತಗೆ ಇಳಿಸಿ ವಾಪಸ್ಸು ಕೊಡುತ್ತಿದ್ದಳು. ಹೊಡೆಯುವ ಮುಂಚೆ ಮಣಿಕಟ್ಟು ಗಾಳಿಯಲ್ಲಿ ಒಂದು ಸಣ್ಣ ಸುತ್ತು ಸುತ್ತುತ್ತಿತ್ತು. ಬೀಗಕ್ಕೆ ಕೀಲಿ ಹಾಕುವಾಗಲೂ, ಟೀ ಕದಡುವಾಗಲೂ ಅದೇ ಸುತ್ತು. ಕಿರುಬೆರಳು ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿದ್ದರಿಂದ ಯಾವಾಗಲೂ ಬೇರೆ ಬೆರಳುಗಳಿಂದ ದೂರ ನಿಂತಿರುತ್ತಿತ್ತು. ಅಂಗೈ ಬೆವರು ಬೇರೆ, ಹಾಗಾಗಿ ನಾಲ್ಕು ಪಾಯಿಂಟಿಗೊಮ್ಮೆ ನೆಟ್ಟಿನ ಪಕ್ಕದಲ್ಲಿ ಟೇಬಲ್ಲಿಗೆ ಅಂಗೈ ಒರೆಸುವಳು. ಅವಳ ರಬ್ಬರಿನ ಸವೆತ ನಡುವಿನಿಂದ ಎಡಕ್ಕೆ, ತುಸು ಕೆಳಗೆ, ಕತ್ತರಿಸಿ ಬಿಸಾಕಿದ ಉಗುರಿನ ಹಾಗೆ ಬಾಗಿರುತ್ತಿತ್ತು. ಅಂಥ ಸವೆತ ಆ ಹಾಲಿನಲ್ಲಿ ಇನ್ನೊಬ್ಬರದ್ದಿರಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ಮಾವ ಬ್ಯಾಟು ಮುಟ್ಟಲಿಲ್ಲ. ಎರಡು ವರ್ಷ ಬರೀ ಅಂಟಿಸಿದ, ಕಿತ್ತ, ಅಂಟಿಸಿದ.

ಈಗ ನನ್ನ ವಿಷಯ. ನಾನು ಹಾಲಿನ ಎದುರಿಗಿರುವ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ದಿನಕ್ಕೆ ಐವತ್ತು, ಅರವತ್ತು ತೋಳು. ರಬ್ಬರ್ ಪಟ್ಟಿ ಕಟ್ಟಿ, ನರ ಹುಡುಕಿ, ಒಂದೇ ಸಲಕ್ಕೆ ಸೂಜಿ ಹಾಕುತ್ತೇನೆ. ಅಳುವ ಮಕ್ಕಳನ್ನೂ ನನ್ನ ಕುರ್ಚಿಗೇ ಕಳಿಸುತ್ತಾರೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪುತ್ತೇನೆ, ಆದರೆ ಕೈ ಮಾತ್ರ ಅಲುಗುವುದಿಲ್ಲ. ಆ ಕೈಯ ಮೇಲೇ ನನ್ನ ಅನ್ನ. ಇಡೀ ದಿನ ಕೈಗವಸು, ಸ್ಪಿರಿಟ್ಟು. ಅಂಗೈ ಒಣಗಿ ಬಿರುಕು ಬಿಟ್ಟಿದೆ. ಬೇಸಿಗೆಯಲ್ಲೂ ನನ್ನ ಕೈ ಬೆವರುವುದಿಲ್ಲ. ನಲವತ್ತಾರು ತುಂಬಿದಾಗ ಭುಜ ಹಿಡಿದುಕೊಂಡಿತು. ಡಾಕ್ಟರು ಏನಾದರೂ ಆಟ ಆಡಿ ಎಂದರು. ಊಟದ ಬಿಡುವಿನಲ್ಲಿ ಮಾವನ ಹತ್ತಿರ ಹೋದೆ.

"ಸ್ಪಿನ್ ಚೆನ್ನಾಗಿ ಬರ್ಬೇಕು, ಕಂಟ್ರೋಲೂ ಇರ್ಬೇಕು. ಅಂಥ ರಬ್ಬರ್ ಕೊಡು" ಎಂದೆ.

"ಊರಿಗೆಲ್ಲ ಅದೇ ಬೇಕು" ಎಂದ ಮಾವ. "ಬಿಸಿಯಾಗೂ ಇರ್ಬೇಕು, ತಣ್ಣಗೂ ಇರ್ಬೇಕು. ಕೂತ್ಕೋ."

ಅವತ್ತು ಅವನು ತೆಗೆದುಕೊಂಡ ಹೊತ್ತು ನೋಡಿ ನನಗೆ ಹಸಿವೇ ಸತ್ತುಹೋಯಿತು. ಐದಾರು ಹಾಳೆ ತೆಗೆದ. ಒಂದೊಂದರ ಮೇಲೂ ಉಸಿರು ಬಿಟ್ಟು ಹೆಬ್ಬೆರಳಲ್ಲಿ ಒರೆಸಿದ. ಚೆಂಡು ಒತ್ತಿ ಮೇಲೆತ್ತಿದ. ಒಂದಕ್ಕೆ ಚೆಂಡು ಅಂಟಿಕೊಂಡು ಬಂತು. ನಾನು ಅದೇ ಬೇಕೆಂದೆ. "ಇದು ಹದಿನೆಂಟರವರಿಗೆ. ನೀನು ಮುಟ್ಟೋಕೆ ಮುಂಚೆ ಚೆಂಡು ಬೀದಿಗೆ ಹೋಗಿರತ್ತೆ" ಎಂದ. ಒಳಗಿನ ಸ್ಪಾಂಜು ದಪ್ಪವಿದ್ದಷ್ಟೂ ಚೆಂಡು ಚಿಮ್ಮುತ್ತದೆ, ತೆಳ್ಳಗಿದ್ದಷ್ಟೂ ಹೇಳಿದ ಮಾತು ಕೇಳುತ್ತದೆ, ಸ್ಪಿನ್ ಹಾಕುವುದು ಕೈ, ಆದರೆ ಯಾವ ರಬ್ಬರು ಕೊಟ್ಟರೆ ಕೈ ಅದರ ಹಾಗೇ ಆಡಲು ಕಲಿಯುತ್ತದೆ ಎಂದೆಲ್ಲ ಪಾಠ ಹೇಳಿದ. "ಸೋತ್ರೆ ಏನ್ಮಾಡ್ತೀಯ?" ಎಂದು ಕೇಳಿದ. "ಬೈತೀನಿ" ಎಂದೆ. ನಕ್ಕ. ಒಂದು ಕೆಂಪು ಹಾಳೆ ಆರಿಸಿದ. ನನಗೆ ಬೆನ್ನು ಹಾಕಿ ಹಲಗೆಯ ಮೇಲೆ ಏನೋ ಬರೆದ. ಈ ಸಲ ಎರಡಲ್ಲ, ತುಂಬಾ ಸಾಲು. ಗೋಂದು ಹಚ್ಚಿ, ಒಣಗಿಸಿ, ಅಂಟಿಸಿ, ಅಂಚಿಗೆ ಸುತ್ತಲೂ ಟೇಪ್ ಸುತ್ತಿ ಕೊಟ್ಟ. ಜೊತೆಗೆ ಆಡಲು ಯಾರೂ ಇರಲಿಲ್ಲ. ಎರಡು ವರ್ಷದ ಮೇಲೆ ಮೊದಲ ಸಲ, ತಾನೇ ತನ್ನ ಹಳೆಯ ಬ್ಯಾಟು ತೆಗೆದುಕೊಂಡು ಕಿಟಕಿ ಪಕ್ಕದ ಟೇಬಲ್ಲಿಗೆ ಬಂದ.

ಮೊದಮೊದಲು ನಾನು ಹೊಡೆದದ್ದೆಲ್ಲ ನೆಟ್ಟಿಗೆ. ಮೂರನೆಯ ವಾರ ಏನಾಯಿತೋ, ಇದ್ದಕ್ಕಿದ್ದಂತೆ ಚೆಂಡು ವಾಪಸ್ಸು ಹೋಗತೊಡಗಿತು. ನಾನು ಹಿಂದೆ ಹಿಂದೆ ಸರಿದು ನಿಲ್ಲುತ್ತಿದ್ದೆ. ಹಾಗೆ ನಿಲ್ಲು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಾವ ಮಾತು ನಿಲ್ಲಿಸಿಬಿಟ್ಟ. ಮರುದಿನದಿಂದ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರತೊಡಗಿದ. ಅಂತೂ ಮುದುಕ ಚೇತರಿಸಿಕೊಂಡ ಎಂದು ನನಗೂ ಹಿಗ್ಗು. ಅದೇ ವಾರ, ಆಟ ಮುಗಿದು ಬ್ಯಾಟು ಚೀಲಕ್ಕೆ ಹಾಕುವಾಗ, ನೆಟ್ಟಿನ ಹತ್ತಿರ ನನ್ನ ಕಡೆಯ ಟೇಬಲ್ಲಿನ ಮೇಲೆ ಅಂಗೈಯಗಲ ಒದ್ದೆ ಕಲೆ ಕಂಡಿತು. ನೋಡುತ್ತಿದ್ದಂತೆ ಅಂಚಿನಿಂದ ಆರುತ್ತಾ ಹೋಯಿತು. ಮಾವ ಒರೆಸಿರಬೇಕು ಅಂದುಕೊಂಡೆ. ಮಾವ ಕೈ ಒರೆಸುವುದು ಪ್ಯಾಂಟಿಗೆ ಎಂದು ಮನೆಗೆ ಹೋದಮೇಲೆ ನೆನಪಾಯಿತು.

ಎರಡನೆಯ ತಿಂಗಳು, ಅಡುಗೆಮನೆಯಲ್ಲಿ ಟೀ ಕದಡುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತವಳು ಹಾಗೇ ನಿಂತುಬಿಟ್ಟಳು.

"ಏನಮ್ಮ?"

"ಏನಿಲ್ಲ. ಹಿಂದಿನಿಂದ ನೋಡಿದಾಗ... ನಿಮ್ಮತ್ತೆ ನಿಂತ ಹಾಗಾಯ್ತು. ಕೈ ಹಾಗ್ಯಾಕೆ ತಿರುಗಿಸ್ತಿದ್ದೀಯ?"

ಕೈ ನೋಡಿಕೊಂಡೆ. ಚಮಚ ಹಿಡಿದ ಮಣಿಕಟ್ಟು ಸಣ್ಣಗೆ ಸುತ್ತುತ್ತಿತ್ತು. ಕಿರುಬೆರಳು ದೂರ ನಿಂತಿತ್ತು. ಅದನ್ನು ಮಡಿಸಲು ನಾನು ಎರಡು ಸಲ ಪ್ರಯತ್ನಪಡಬೇಕಾಯಿತು. ಭುಜದ ನೋವಿಗೆ ನರ ಎಳೆದಿರಬೇಕು ಎಂದು ಅಮ್ಮನಿಗೆ ಹೇಳಿದೆ, ನನಗೂ ಹೇಳಿಕೊಂಡೆ.

ಮೂರನೆಯ ತಿಂಗಳು ಅದು ಲ್ಯಾಬಿಗೆ ಬಂತು. ಒಬ್ಬರು ವಯಸ್ಸಾದ ಟೀಚರು, ಕಾಗದದಂಥ ಚರ್ಮ. ಪಟ್ಟಿ ಕಟ್ಟಿದೆ, ನರ ಸಿಕ್ಕಿತು, ಸೂಜಿ ಚರ್ಮಕ್ಕೆ ತಾಗಿಸಿದೆ. ಆ ಹೊತ್ತಿಗೆ ನನ್ನ ಮಣಿಕಟ್ಟು ಸುತ್ತಿತು. ನಾನು ಸುತ್ತಿಸಲಿಲ್ಲ, ಆಣೆಯಿಟ್ಟು ಹೇಳುತ್ತೇನೆ. ಅವರು "ಅಮ್ಮಾ" ಎಂದರು. ತೋಳು ನನ್ನ ಕಣ್ಣೆದುರೇ ನೀಲಿಗಟ್ಟಿ ಊದಿಕೊಂಡಿತು. ಲ್ಯಾಬಿನ ಡಾಕ್ಟರು ಬೈಯಲಿಲ್ಲ. "ಸ್ವಲ್ಪ ದಿನ ಲೇಬಲ್ ಅಂಟಿಸ್ತಾ ಇರಿ. ಕೈ ಸರಿಹೋಗ್ಲಿ. ಹೋಗ್ದಿದ್ರೆ ಆಮೇಲೆ ನೋಡೋಣ" ಎಂದರು. ಬೈದಿದ್ದರೇ ವಾಸಿಯಿತ್ತು. ಇಪ್ಪತ್ತೆರಡು ವರ್ಷ ಸೂಜಿ ಹಿಡಿದವಳು ಮೂಲೆಯಲ್ಲಿ ಕೂತು ಬಾಟಲಿಗೆ ಚೀಟಿ ಅಂಟಿಸಿದೆ. ಅವತ್ತು ಶೌಚಾಲಯಕ್ಕೆ ಹೋಗಿ ಅತ್ತುಬಿಟ್ಟೆ.

ಆದರೂ ಮಧ್ಯಾಹ್ನ ಆಡುವುದನ್ನು ಬಿಡಲಿಲ್ಲ. ಆ ಅರ್ಧ ಗಂಟೆ ಕೈ ಎಷ್ಟು ಹಗುರಾಗಿರುತ್ತಿತ್ತೆಂದರೆ, ಉಳಿದದ್ದೆಲ್ಲ ಮರೆತುಹೋಗುತ್ತಿತ್ತು. ಮಾವ ಕೆಲವು ಸಲ ಕಣ್ಣು ಮುಚ್ಚಿಕೊಂಡೇ ಆಡುತ್ತಿದ್ದ. ಮುಚ್ಚಿಕೊಂಡರೂ ಚೆಂಡು ತಪ್ಪುತ್ತಿರಲಿಲ್ಲ.

ನಾಲ್ಕನೆಯ ತಿಂಗಳು ರಬ್ಬರು ಜಾರತೊಡಗಿತು. ಬದಲಾಯಿಸು ಎಂದು ಬ್ಯಾಟನ್ನು ಮಾವನ ಕೈಗೆ ಕೊಟ್ಟೆ. ಕಿಟಕಿಯ ಹತ್ತಿರ ಒಯ್ದ. ಓರೆಯಾಗಿ ಹಿಡಿದ. ತಕ್ಷಣ ಮಗುಚಿ ಮೇಜಿನ ಮೇಲಿಟ್ಟ.

"ಇನ್ನೂ ನಡಿಯತ್ತೆ. ತಗೊಂಡ್ಹೋಗು."

"ಜಾರ್ತಿದೆ ಅಂತಿದ್ದೀನಲ್ಲ."

"ನಡಿಯತ್ತೆ ಅಂದೆ ಕಣೇ."

ನಾನು ಬ್ಯಾಟು ಕಿತ್ತುಕೊಂಡು ನಾನೇ ಬೆಳಕಿಗೆ ಹಿಡಿದೆ. ನಡುವಿನಿಂದ ಎಡಕ್ಕೆ, ತುಸು ಕೆಳಗೆ, ಬಾಗಿದ ಉಗುರು.

ಕಪಾಟು ತೆಗೆದು ಪೇಪರುಗಳನ್ನೆಲ್ಲ ಕೆದರಿ ಅತ್ತೆಯ ಕೊನೆಯ ರಬ್ಬರು ಹುಡುಕಿದೆ. ಪಕ್ಕಪಕ್ಕ ಹಿಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಇನ್ನೊಂದು ಕಂಡಿತು: ಹಿಡಿಕೆಯ ಹತ್ತಿರ ಅಚ್ಚಾದ ಕಂಪನಿಯ ಹೆಸರು ಎರಡರಲ್ಲೂ ಒಂದೇ. ಆಗ ನನಗೆ ಎಲ್ಲ ಅರ್ಥವಾಯಿತು ಅಂದುಕೊಂಡೆ. ಅವಳ ಥರದ್ದೇ ರಬ್ಬರು ನನಗೂ ಹಾಕಿದ್ದಾನೆ. ಅವಳದೇ ಮೆತ್ತಗಿನ, ತೆಳ್ಳಗಿನ ಹಾಳೆ. ಕೈಗೆ ಯಾವ ರಬ್ಬರು ಕೊಡುತ್ತೀಯೋ ಕೈ ಹಾಗೇ ಆಡಲು ಕಲಿಯುತ್ತದೆ. ಇದನ್ನು ನನಗೆ ಹೇಳಿಕೊಟ್ಟವನೇ ಅವನು.

"ನಂಗೆ ಯಾರ ರಬ್ಬರ್ ಹಾಕಿದೀಯ ಮಾವ?"

"ನಿನ್ನದೇ."

"ಸುಳ್ಳು ಹೇಳ್ಬೇಡ. ನಿಂಗೆ ಜೊತೆಗೆ ಆಡೋಕೆ ಹೆಂಡ್ತಿ ಬೇಕಿತ್ತು. ಅದಕ್ಕೆ ನನ್ನ ಕೈ ತಗೊಂಡೆ. ನನ್ನ ಕೆಲಸ ಹೋಗೋ ಹಾಗಿದೆ, ಗೊತ್ತಾ ನಿಂಗೆ?"

"ಅವಳದ್ದು ಕೊಟ್ಟಿಲ್ಲ ಕಣೇ. ನಾನ್ಯಾಕೆ ಕೊಡ್ಲಿ?" ಕೆದರಿದ ಪೇಪರುಗಳನ್ನು ಜೋಡಿಸುತ್ತಾ ಹೇಳಿದ: "ಅವಳು ಬಂದಿದ್ದು ಗೊತ್ತಾಗಿತ್ತು. ಮೂರನೇ ವಾರದಲ್ಲೇ. ಹೇಳಿದ್ರೆ ನೀನು ನಿಲ್ಸಿಬಿಡ್ತೀಯ ಅಂತ ಹೇಳ್ಲಿಲ್ಲ. ಅದೊಂದು ತಪ್ಪು ನಂದು."

ನಾನು ನಂಬಲಿಲ್ಲ. ಬಾಯಿಗೆ ಬಂದಂತೆ ಬೈದೆ. "ನನ್ನ ಕೈ ನಂಗೆ ಬೇಕು" ಎಂದು ಕಿರುಚಿದೆ. ಆಡುತ್ತಿದ್ದ ಇಬ್ಬರು ಚೆಂಡು ಕೈಯಲ್ಲಿ ಹಿಡಿದು ನಿಂತರು. ಮಾವ ಗೋಂದಿನ ಡಬ್ಬಿಯ ಮುಚ್ಚಳ ತೆಗೆಯುತ್ತಾ, ಹಾಕುತ್ತಾ ಕೂತಿದ್ದ.

ಹನ್ನೆರಡು ದಿನ ಹೋಗಲಿಲ್ಲ. ಕೈ ಸುಮ್ಮನಾಯಿತು. ಚಮಚ ನೇರವಾಗಿ ಆಡಿತು, ಕಿರುಬೆರಳು ತನ್ನ ಜಾಗಕ್ಕೆ ಬಂತು. ಡಾಕ್ಟರು ಮೊದಲು ತಮ್ಮ ತೋಳನ್ನೇ ಚಾಚಿ ಪರೀಕ್ಷೆ ಮಾಡಿದರು. ಒಂದೇ ಸಲಕ್ಕೆ ಸೂಜಿ ಹಾಕಿದೆ. ನನ್ನ ಕುರ್ಚಿ ನನಗೆ ವಾಪಸ್ಸು ಸಿಕ್ಕಿತು. ಅಮ್ಮ ಮಾತ್ರ ದಿನಾ ಒಂದೇ ರಾಗ: "ಅಣ್ಣ ಹನ್ನೆರಡೂವರೆಗೆ ಆ ಟೇಬಲ್ ಹತ್ರ ಹೋಗಿ ನಿಲ್ತಾನಂತೆ. ಬ್ಯಾಟ್ ಹಿಡ್ಕೊಂಡು. ಎದುರಿಗೆ ಯಾರೂ ಇಲ್ಲ." ನಿಲ್ಲಲಿ ಬಿಡು ಎಂದೆ.

ಹದಿಮೂರನೆಯ ದಿನ ಭಾನುವಾರ. ಪೇಟೆಯ ದೊಡ್ಡ ಅಂಗಡಿಯಲ್ಲಿ ಬೇರೆ ರಬ್ಬರು ಹಾಕಿಸೋಣವೆಂದು, ಮೊದಲು ಆ ಹಾಳುರಬ್ಬರು ಕೀಳಲು ಕೂತೆ. ಅಂಚಿನ ಟೇಪು ಬಿಚ್ಚಿದೆ. ಹಿಡಿಕೆಯ ಮೂಲೆಯಿಂದ ಉಗುರು ಹಾಕಿ ಎಳೆದೆ. ಸರ್ರನೆ ಬಂತು. ಸ್ಪಾಂಜು ನೋಡಿದರೆ ದಪ್ಪ. ಬೆರಳಲ್ಲಿ ಒತ್ತಿದೆ, ಗಟ್ಟಿ. ಕಂಪನಿ ಒಂದೇ, ಹಾಳೆ ಬೇರೆ. ಅತ್ತೆಯದರ ಜೊತೆ ಯಾವ ಸಂಬಂಧವೂ ಇಲ್ಲದ ಹಾಳೆ. ಇದರಲ್ಲಿ ಅವಳ ಹಾಗೆ ಆಡಲು ಬರುವುದೇ ಇಲ್ಲ.

ಹಲಗೆಯ ಮೇಲೆ ಪೆನ್ಸಿಲ್ಲಿನ ಅಕ್ಷರಗಳಿದ್ದವು. ಬೆಳಕಿಗೆ ಹಿಡಿದು ಓದಿದೆ.

"ತಂಗಿಯ ಮಗಳು. ಕೈ ಒಣ, ಕೋಪ ಜಾಸ್ತಿ, ಹಿಡಿತ ಬಿಗಿ. ದಪ್ಪ ಸ್ಪಾಂಜು, ಗಟ್ಟಿ. ಅವಳು ಆಡುತ್ತಿದ್ದ ಥರದ ಹಾಳೆ ಇನ್ನೂ ಒಂದು ಕಪಾಟಿನಲ್ಲಿದೆ. ಎರಡು ಸಲ ಕೈಗೆತ್ತಿಕೊಂಡೆ. ಎರಡು ಸಲ ಒಳಗಿಟ್ಟೆ. ಕೊಡಬಾರದು. ಮಗುವಿನ ಕೈ ಮಗುವಿಗೇ ಇರಲಿ."

ನಲವತ್ತಾರು ವರ್ಷದ ನನ್ನನ್ನು ಮಗು ಎಂದು ಬರೆದಿದ್ದ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಅವನು ಕೊಟ್ಟಿರಲಿಲ್ಲ. ಯಾರೂ ಕರೆಯದೆ, ಬೇರೆ ರಬ್ಬರಿನ ಮೇಲೆ, ಒಣಗಿದ ಇನ್ನೊಂದು ಕೈಯೊಳಗೆ, ಅವಳಾಗಿಯೇ ಬಂದಿದ್ದಳು. ಹೆದರಿಕೆಯಾಯಿತು. ಹಗಲು ಹನ್ನೊಂದು ಗಂಟೆಗೆ, ಬಿಸಿಲು ತುಂಬಿದ ಕೋಣೆಯಲ್ಲಿ, ನನ್ನದೇ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಅದು ಅಲುಗುತ್ತದೇನೋ ಎಂದು ಕಾದೆ. ಅಲುಗಲಿಲ್ಲ. ಆಮೇಲೆ ನಾಚಿಕೆಯಾಯಿತು. ಅಷ್ಟು ಬೈದಿದ್ದೆನಲ್ಲ.

ಲ್ಯಾಬಿನಿಂದ ತಂದಿದ್ದ ಚೀಟಿ ಅಂಟಿಸುವ ಗೋಂದಿತ್ತು. ಅದನ್ನೇ ಹಚ್ಚಿ ರಬ್ಬರನ್ನು ಮತ್ತೆ ಅಂಟಿಸಿದೆ. ಬರಹವನ್ನು ಅಳಿಸಲಿಲ್ಲ.

ಸೋಮವಾರ ಹನ್ನೆರಡೂವರೆಗೆ ಮೆಟ್ಟಿಲು ಹತ್ತಿದೆ. ಮಾವ ಕಿಟಕಿ ಪಕ್ಕದ ಟೇಬಲ್ಲಿನ ತನ್ನ ಕಡೆ ನಿಂತಿದ್ದ. ಗಡ್ಡ ಬೆಳೆದಿತ್ತು. ನನ್ನ ಬ್ಯಾಟು ತೆಗೆದುಕೊಂಡ, ಬೆರಳಾಡಿಸಿದ.

"ಗುಳ್ಳೆ ಬಿಟ್ಟಿದೀಯಲ್ಲೇ. ಇದೇನು ಗೋಂದಾ, ಗಂಜಿಯಾ?"

ನಾನು ಓದಿದ್ದೇನೆಂದು ಅವನಿಗೆ ಗೊತ್ತಾಯಿತು. ಕನ್ನಡಕ ಹಣೆಗೇರಿಸಿ ಕಿಟಕಿಯ ಕಡೆ ತಿರುಗಿದ.

"ಹೊಸದು ಹಾಕ್ಕೊಡ್ತೀನಿ" ಎಂದ. "ನಿಂಗೆ ಬೇಕಾಗಿದ್ದೇ ಹಾಕ್ತೀನಿ. ಚೆಂಡು ಅಂಟ್ಕೊಳ್ಳೋದು."

ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ಆ ಮಾತು ಕೇಳಿದೆ.

"ಬೇಡ. ಇದರಲ್ಲೇ ಆಡೋಣ" ಎಂದು ಬ್ಯಾಟು ಇಸಿದುಕೊಂಡು ನನ್ನ ಕಡೆ ಹೋಗಿ ನಿಂತೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಆದರೂ ಪಕ್ಕಕ್ಕೆ ತಿರುಗಿ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಅತ್ತೆ, ಅರ್ಧ ಗಂಟೆ. ದಿನಾ ಬಾ. ಒಂದು ಗಂಟೆ ಆದ್ಮೇಲೆ ಕೈ ನಂದು. ಲ್ಯಾಬಿಗೆ ಮಾತ್ರ ಬಂದ್ರೆ ನೋಡು, ನಿಂಗೂ ಬೈತೀನಿ."

ಮಾವ ಸರ್ವಿಸ್ ಮಾಡಿದ. ಮೊದಲ ಎರಡು ಚೆಂಡು ನೆಟ್ಟಿಗೆ ಹೋದವು. ಮೂರನೆಯದಕ್ಕೆ ನಾನು ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದೆ. ಮಣಿಕಟ್ಟು ಸುತ್ತಿತು. ತಡೆಯಲಿಲ್ಲ. ಅವನ ಸ್ಪಿನ್ನು ಗುಳ್ಳೆಬಿದ್ದ ರಬ್ಬರಿನ ಮೇಲೆ ಸುಮ್ಮನಾಗಿ, ಮೆತ್ತಗೆ ಇಳಿದು, ವಾಪಸ್ಸು ಹೋಯಿತು. ಚೆಂಡು ಎಷ್ಟು ಹೊತ್ತು ಆಚೆ ಈಚೆ ಓಡಾಡಿತೋ ಎಣಿಸಲಿಲ್ಲ. ಪಕ್ಕದ ಟೇಬಲ್ಲಿನವರು ಆಟ ನಿಲ್ಲಿಸಿದ್ದರು. ಮಾವ ಈ ಸಲ ಕಣ್ಣು ಮುಚ್ಚಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದ.

ಒಂದು ಪಾಯಿಂಟು ಮುಗಿದಾಗ ನನ್ನ ಕೈ ಮುಂದೆ ಹೋಗಿ ನೆಟ್ಟಿನ ಪಕ್ಕ ಟೇಬಲ್ಲನ್ನು ಒರೆಸಿತು. ತೆಗೆದಾಗ ಅಲ್ಲಿ ಒದ್ದೆ ಅಚ್ಚು ಮೂಡಿತ್ತು. ಅಂಗೈ, ನಾಲ್ಕು ಬೆರಳು, ದೂರ ನಿಂತ ಸೊಟ್ಟ ಕಿರುಬೆರಳು. ಮಾವ ಟೇಬಲ್ಲು ಸುತ್ತಿ ಬಂದ. ಆರುವ ಮುಂಚೆ ಅದರ ಮೇಲೆ ತನ್ನ ಅಂಗೈ ಇಟ್ಟ. ಹಾಗೇ ನಿಂತ.

"ಬಿಸಿ ಇದೆ ಕಣೇ" ಎಂದ. ನನಗೆ ಹೇಳಿದ್ದಲ್ಲ.

ನಾನು ನನ್ನ ಅಂಗೈ ತಿರುಗಿಸಿ ನೋಡಿಕೊಂಡೆ. ಎಂದಿನಂತೆ ಬಿರುಕು ಬಿಟ್ಟು, ಒಣಗಿಯೇ ಇತ್ತು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆಗೆ ಇನ್ನೂ ಐದು ನಿಮಿಷವಿತ್ತು. ನಾನು ಬ್ಯಾಟು ಕೆಳಗಿಡಲಿಲ್ಲ.